ಒಂಬತ್ತನೇ ಮಷಿನ್

ಆಳಂದ
೧೪ ಡಿಸೆಂಬರ್ ೧೯೮೭, ಸೋಮವಾರ

ಸಕ್ಕೂ,

ಪತ್ರ ಬರೆಯುವಾಗ ಮೊದಲು ಕ್ಷೇಮ ಸಮಾಚಾರ ತಿಳಿಸಬೇಕು ಎಂದು ಏಳನೇ ಇಯತ್ತೆಯಲ್ಲಿ ಕಲಿಸಿದ್ದರು. ಶಾಲೆಯಲ್ಲಿ ಕಲಿತದ್ದರಲ್ಲಿ ನೆನಪಿರುವುದೇ ಸ್ವಲ್ಪ, ಅದರಲ್ಲಿ ಇದೂ ಒಂದು. ಹಾಗಾಗಿ ತಿಳಿಸುತ್ತೇನೆ. ಎಡಗೈ ಹೆಬ್ಬೆರಳಿಗೆ ಮೊನ್ನೆ ಸೂಜಿ ಹೊಕ್ಕು ಬಾತುಕೊಂಡಿದೆ. ರಿಪೇರಿ ಅಂಗಡಿಯ ನನ್ನ ಉಸ್ತಾದ ಸರ್ದಾರ ಬೈಯುತ್ತ ಬೈಯುತ್ತಲೇ ಅರಿಶಿನ ಹಚ್ಚಿ ಕಟ್ಟಿದ್ದಾರೆ. ಹೊಟ್ಟೆ ಸರಿಯಿದೆ. ನಿದ್ದೆ ಮಾತ್ರ ಮೂರು ದಿನದಿಂದ ಇಲ್ಲ. ಅದಕ್ಕೆ ನೀನು ಕಾರಣ. ಆದರೆ ಇದು ಚಿಂತೆಯಿಂದ ಕೆಟ್ಟ ನಿದ್ದೆಯಲ್ಲ. ಮಲಗಿದರೆ ನಗು ಬರುತ್ತದೆ, ಎದ್ದು ಕೂತರೆ ಹೆದರಿಕೆ ಬರುತ್ತದೆ. ಪಕ್ಕದಲ್ಲಿ ಮಲಗುವ ಉಸ್ತಾದರು ನಿನ್ನೆ, "ಏನ್ ಬೇ, ದೆವ್ವ ಗಿವ್ವ ಬಡದದೇನು? ಒಬ್ಬಾವನೇ ನಗಾಕತ್ತೀ," ಎಂದರು. ಇಲ್ಲ ಎಂದು ಹೇಳಲು ನನಗೂ ಧೈರ್ಯ ಬರಲಿಲ್ಲ.

ಬರುವ ರವಿವಾರ ಎಳ್ಳ ಅಮಾವಾಸ್ಯೆ. ಅತನೂರಿನಲ್ಲಿ ನಿಮ್ಮ ಹೊಲಕ್ಕೆ ಯಡ್ರಾಮಿಯವರು ಹಬ್ಬದ ಕಾಳು ಪಲ್ಯದ ಭಜ್ಜಿ ಉಣ್ಣಲು ಬರುತ್ತಾರೆ, ಉಂಡು ನಿನ್ನನ್ನು ನೋಡಿ ಲಗ್ನದ ಮಾತು ಮುಗಿಸಿ ಹೋಗುತ್ತಾರೆ ಎಂದು ನಿನ್ನ ಜೊತೆಗಿರುವ ಗೌಸಿಯಾಬೇಗಂ ಹೇಳಿದರು. ಅವರು ಇನ್ನೂ ಏನೇನೋ ಹೇಳಿದರು. ಅವನ್ನೆಲ್ಲ ಮುಂದೆ ಬರೆಯುತ್ತೇನೆ. ರವಿವಾರದ ಒಳಗೆ ನಿನ್ನನ್ನು ಒಂದು ಮಾತು ಕೇಳಬೇಕು. ಕೇಳುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುವುದನ್ನು ಎದುರಿಗೆ ನಿಂತು ಹೇಳಬಹುದಿತ್ತು. ಆದರೆ ನಿನ್ನ ಹೊಲಿಗೆ ಕ್ಲಾಸಿನಲ್ಲಿ ಹದಿನೈದು ಹೆಣ್ಣುಮಕ್ಕಳು ಕತ್ತರಿ ಹಿಡಿದು ಕೂತಿರುತ್ತಾರೆ. ಅದಕ್ಕೇ ಕಾಗದ.

ಅತನೂರಿನಲ್ಲಿ ನಮ್ಮ ಮನೆಯ ಮಾಳಿಗೆಗೆ ನಿಮ್ಮ ಮಾಳಿಗೆ ಹತ್ತಿಕೊಂಡೇ ಇತ್ತಲ್ಲ, ಆ ಗೋಡೆಯ ಮೇಲೆ ನಿಂತು ನೀನು ಕೂಗುತ್ತಿದ್ದದ್ದು ಮೂರು ಓಣಿಗೆ ಕೇಳುತ್ತಿತ್ತು. "ಏ ಅಮೋಗ್ಯಾ, ನಿಮ್ಮ ಎಮ್ಮಿ ನಮ್ಮ ಹತ್ತ್ಯಾಗ ಹೊಕ್ಕದಲೇ! ಹೊಡಕೊಂಡು ಹೋಗ್ತಿಯೋ, ನಾನೇ ಕಟ್ಟಿ ಹಾಕ್ಲೋ?" ಅಮೋಘಸಿದ್ದ ಎಂದು ಹೆಸರಿಟ್ಟ ನನ್ನ ಅವ್ವ ಕೂಡ ನನ್ನನ್ನು ಅಷ್ಟು ಸಲ ಕರೆದಿರಲಿಕ್ಕಿಲ್ಲ. ಹುಣಸೆಕಾಯಿ ಬೇಕಾದರೆ ಅಮೋಗ್ಯಾ, ಗಾಳಿಪಟ ಸಿಕ್ಕಿಕೊಂಡರೆ ಅಮೋಗ್ಯಾ, ಬಾವಿಯಲ್ಲಿ ಕೊಡ ಬಿದ್ದರೆ ಅಮೋಗ್ಯಾ.

ನಾನು ಶಾಲೆ ಬಿಟ್ಟ ದಿನವೂ ನೀನೇ ಮೊದಲು ಕೂಗಿದ್ದು. ಹೆಡ್‌ಮಾಸ್ತರರ ಕೋಣೆಯ ಗಡಿಯಾರ ಹೇಗೆ ನಡೆಯುತ್ತದೆ ನೋಡಬೇಕು ಎಂದು ಊಟದ ಬಿಡುವಿನಲ್ಲಿ ಬಿಚ್ಚಿದೆ. ತಿರುಗಿ ಜೋಡಿಸಿದೆ. ಒಂದು ಹಲ್ಲಿನ ಚಕ್ರ ಕೈಯಲ್ಲೇ ಉಳಿಯಿತು, ಗಡಿಯಾರ ಮಾತ್ರ ನಡೆಯಿತು. ಯಾರು ಬಿಚ್ಚಿದವರು ಎಂದು ಕೇಳಿದಾಗ ಯಾರೂ ನನ್ನ ಹೆಸರು ಹೇಳಿರಲಿಲ್ಲ, ನಾನೇ ಎದ್ದು ನಿಂತೆ. ಬೆತ್ತದ ಏಟು ಹನ್ನೊಂದಕ್ಕೆ ಬಂದಾಗ ಕಿಟಕಿ ಹಾರಿದವನು ಮತ್ತೆ ಆ ಕಡೆ ಹೋಗಲಿಲ್ಲ. ಎಂಟನೇ ಇಯತ್ತೆ, ದಸರಾ ಸೂಟಿಗೆ ಇನ್ನೂ ನಾಲ್ಕು ದಿನ ಇತ್ತು. ಸಂಜೆ ಮಾಳಿಗೆಯ ಮೇಲಿಂದ ನೀನು, "ಅಮೋಗ್ಯಾ, ಒಂದು ಸುಳ್ಳು ಹೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತಲೇ?" ಎಂದೆ. ಆಗಲೇ ನನಗೆ ನೀನು ಬೇಕು ಅನ್ನಿಸಿತೋ ಏನೋ. ಹದಿನಾಲ್ಕು ವರ್ಷದವನಿಗೆ ಅದೆಲ್ಲ ತಿಳಿಯುವುದಿಲ್ಲ, ಸುಮ್ಮನೆ ಚೆಂದಕ್ಕೆ ಬರೆಯಬಾರದು. ಬೆನ್ನು ಉರಿಯುತ್ತಿತ್ತು, ಅಷ್ಟೇ ಖರೆ.

ತಿಳಿದದ್ದು ಐದು ವರ್ಷದ ಮೇಲೆ, ನಿಮ್ಮ ತೊಗರಿ ಹೊಲದಲ್ಲಿ. ನೀನು ಉಡಿಯಲ್ಲಿ ಹಸಿ ತೊಗರಿಕಾಯಿ ತುಂಬಿಕೊಂಡು ಬದುವಿನ ಮೇಲೆ ಕೂತಿದ್ದೆ. ನನಗೂ ಒಂದು ಹಿಡಿ ಕೊಟ್ಟೆ. ಕೊಟ್ಟು, ನನ್ನ ಕಡೆ ನೋಡದೆಯೇ, "ನಮ್ಮ ಅಪ್ಪನ ಹತ್ರ ಬಂದು ಕೇಳು. ನಾ ಬ್ಯಾರೆ ಯಾರಿಗೂ ಹೂಂ ಅನ್ನಂಗಿಲ್ಲ," ಎಂದೆ. ನಾನು ಖರೇನಾ ಎಂದು ಕೇಳಿದ್ದಕ್ಕೆ, "ಊರಾಗ ನೀ ಒಬ್ಬಾವನೇ ಏನು ಖರೇ ಹೇಳಾಂವ?" ಎಂದು ಸಿಪ್ಪೆಯನ್ನು ನನ್ನ ಮೇಲೆ ಎಸೆದೆ.

ಆ ದಿನದಿಂದ ಮಾಳಿಗೆಯ ಮೇಲಿನ ಕೂಗು ನಿಂತುಹೋಯಿತು. ಎಮ್ಮೆ ನಿಮ್ಮ ಹತ್ತಿಗೆ ಬಿದ್ದರೆ ನಮ್ಮ ಅಂಗಳಕ್ಕೆ ಕಲ್ಲು ಬಂದು ಬೀಳುತ್ತಿತ್ತು, ಕೂಗು ಬರುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದೆ. ಹುಡುಗಿ ದೊಡ್ಡವಳಾದಳು, ಸೊಕ್ಕು ಬಂತು ಎಂದುಕೊಂಡೆ. ಗಡಿಯಾರ ಬಿಚ್ಚಿ ಜೋಡಿಸುವ ತಲೆಗೆ ಇಷ್ಟು ತಿಳಿಯಲಿಲ್ಲ ನೋಡು.

ಈಗ ಒಪ್ಪಿಕೊಳ್ಳುವ ಮಾತು.

ನಿಮ್ಮ ಅಪ್ಪ ಧರ್ಮಣ್ಣ ಮಾಮಾ ಮ್ಯಾಟ್ರಿಕ್ ಪಾಸಾದವನಿಗೇ ಮಗಳನ್ನು ಕೊಡುವುದು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನಮ್ಮ ಕಾಕಾ ದತ್ತಪ್ಪ ಸಂಬಂಧ ಕೇಳಲು ಹೊರಟ ಹಿಂದಿನ ದಿನ ನೀನು ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿದೆ. ನಾನು ಸೊಲ್ಲಾಪುರದಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾಗಿದ್ದೇನೆ ಎಂದು ನಿನ್ನ ಅವ್ವನ ಬಾಯಿಂದ ಅಪ್ಪನಿಗೆ ಹೇಳಿಸಿರುವುದಾಗಿ ತಿಳಿಸಿದೆ. "ನೀ ಏನೂ ಮಾತಾಡಬ್ಯಾಡ. ಕೇಳಿದ್ರ ತಲಿ ಆಡಿಸು, ಸಾಕು. ಲಗ್ನ ಆಗಿಂದ ನಾನೇ ಓದಿಸಿ ಖರೇನ ಪಾಸ್ ಮಾಡಸ್ತೇನಿ," ಎಂದೆ. ನಾನು ತಲೆ ಆಡಿಸಿದೆ. ಆಗ ಅಲ್ಲಿ ನಾವಿಬ್ಬರೇ ಇದ್ದೆವು. ನಾನು ತಲೆ ಆಡಿಸಿದ್ದನ್ನು ನೀನೊಬ್ಬಳೇ ನೋಡಿದೆ.

ಮರುದಿನ ನಿಮ್ಮ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ನೀನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹಸಿರು ಸೀರೆ ಉಟ್ಟಿದ್ದೆ, ಅವ್ವನದು ಇರಬೇಕು, ನೆರಿಗೆ ಉದ್ದವಾಗಿ ಕಾಲಿಗೆ ತೊಡರುತ್ತಿತ್ತು. ಧರ್ಮಣ್ಣ ಮಾಮಾ ಸಂತೋಷದಿಂದಲೇ ಕೇಳಿದರು, "ಮ್ಯಾಟ್ರಿಕ್ ಪಾಸ್ ಆಗೀದಿ ಅಂತಲ್ಲೋ ತಮ್ಮಾ, ಭಾಳ ಚಲೋ ಆತು." ನಾನು ತಲೆ ಆಡಿಸಲಿಲ್ಲ. "ಇಲ್ರಿ ಮಾಮಾ, ಎಂಟನೇತ್ತಾ ಅರ್ಧಕ್ಕ ಬಿಟ್ಟೇನಿ," ಎಂದೆ. ಅವರು ಬಾಗಿಲ ಕಡೆ ನೋಡಿದರು. "ಮತ್ತ ನಮ್ಮ ಸಕ್ಕು ಹೇಳಿದ್ಲಂತಲ್ಲ?" ಎಂದರು. ಆಗ ನಾನು ಹೇಳಿದೆ, "ಆಕಿ ಸುಳ್ಳು ಹೇಳ್ಯಾಳ್ರಿ."

ಆರು ವರ್ಷ ಈ ಮಾತನ್ನು ನಾನು ಹೆಮ್ಮೆಯಿಂದ ಹೊತ್ತು ತಿರುಗಿದೆ. ಖರೇ ಹೇಳಿದೆ, ಅದಕ್ಕೇ ಲಗ್ನ ಮುರಿಯಿತು, ಲೋಕವೇ ಹೀಗೆ ಎಂದು ಲಾರಿಯ ಡ್ರೈವರುಗಳಿಗೆ, ಗಿರಣಿಯ ಕೂಲಿಗಳಿಗೆ, ಕೇಳಿದವರಿಗೆ ಕೇಳದವರಿಗೆ ಎಲ್ಲ ಹೇಳಿಕೊಂಡೆ. ಎಲ್ಲರೂ ನನ್ನ ಬೆನ್ನು ತಟ್ಟಿದರು. ಮೂರು ದಿನದಿಂದ ವಿಚಾರ ಮಾಡುತ್ತಿದ್ದೇನೆ ಸಕ್ಕೂ. ನಾನು ಆವತ್ತು ಹೇಳಿದ್ದು ಅರ್ಧ ಮಾತ್ರ. "ನಾವಿಬ್ರೂ ಕೂಡಿ ಸುಳ್ಳು ಹೇಳೇವಿ, ನಾ ನಿನ್ನೆ ತಲಿ ಆಡಿಸೀನಿ," ಎಂದಿದ್ದರೆ ಅದು ಪೂರ್ತಿ ಖರೆ. ಹಾಗೆ ಹೇಳಿದ್ದರೆ ಬೈಗುಳವನ್ನಾದರೂ ಇಬ್ಬರೂ ಹಂಚಿಕೊಳ್ಳುತ್ತಿದ್ದೆವು. ನಾನು ತಾಟು ಹಿಡಿದು ನಿಂತ ನಿನ್ನನ್ನು ಮಂದಿಯ ನಡುವೆ ಒಬ್ಬಳನ್ನೇ ಬಿಟ್ಟು, ನಾನೊಬ್ಬನೇ ಒಳ್ಳೆಯವನಾದೆ. ಇನ್ನೂ ಒಂದು ಇದೆ. ಓದದ ಗಂಡು ಎಂದು ನಿನಗೂ ಒಳಗೆ ನಾಚಿಕೆ ಇದೆ ಎಂದು ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟನ್ನು ಖರೇ ಮಾತಿನ ಒಳಗೆ ಮುಚ್ಚಿಟ್ಟು ನಿನ್ನ ಮೇಲೆ ಎಸೆದೆ. ತಪ್ಪಾಯಿತು. ಇದನ್ನು ಬೇರೆ ಯಾವ ಹಾಗೂ ಬರೆಯಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ ನಾನು ಚೀಲ ಹಿಡಿದು ಬಸ್ಸಿಗೆ ಹೊರಟಾಗ ನೀನು ಬಾವಿಯಿಂದ ಬರುತ್ತಿದ್ದೆ. ಕಣ್ಣು ಕೆಂಪಾಗಿತ್ತು. ನನ್ನ ಹೆಸರು ಹಿಡಿದು ಬೈಯುತ್ತೀ ಎಂದುಕೊಂಡಿದ್ದೆ. ನೀನು ನಿಮ್ಮ ಎಮ್ಮೆಯ ಕಡೆ ನೋಡಿ, "ಹೋಗೋರು ಹೋಗಲಿ. ಬರೋ ಹಾದಿ ಗುರ್ತ ಇಟ್ಕೊಂಡು ಹೋಗಲಿ," ಎಂದೆ. ಎಮ್ಮೆಯ ಜೊತೆ ಮಾತಾಡುತ್ತಾಳೆ, ನನ್ನ ಜೊತೆ ಆಡುವುದಿಲ್ಲ, ಅಷ್ಟು ಹೇಸಿಕೆ ಬಂದಿದೆ ನನ್ನ ಮೇಲೆ ಎಂದು ತಿಳಿದು ಬಸ್ಸು ಹತ್ತಿದೆ.

ಆಮೇಲೆ ನಾನು ಎಲ್ಲಿಯೂ ನೆಟ್ಟಗೆ ನಿಲ್ಲಲಿಲ್ಲ. ಸೊಲ್ಲಾಪುರದಲ್ಲಿ ಚಾದರ ನೇಯುವ ಗಿರಣಿಯಲ್ಲಿ ಏಳು ತಿಂಗಳು. ಅಕ್ಕಲಕೋಟದಲ್ಲಿ ಲಾರಿಯ ಕ್ಲೀನರು. ಅಫಜಲಪುರದ ಟೆಂಟ್ ಟಾಕೀಜಿನಲ್ಲಿ ರೀಲು ಸುತ್ತುವ ಕೆಲಸ. ಅಲ್ಲಿ ಒಂದು ದಿನ ಪ್ರೇಕ್ಷಕನೊಬ್ಬ ಸಿನಿಮಾ ಚೆನ್ನಾಗಿದೆಯೇ ಎಂದು ಕೇಳಿದ, ಇಲ್ಲ ಎಂದೆ, ಮಾಲೀಕ ಕೇಳಿಸಿಕೊಂಡ, ಕೆಲಸ ಹೋಯಿತು. ಅಕ್ಕಲಕೋಟದಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದೆ. ಹುಡುಗಿ ಚೆಂದ ಇದ್ದಳು. ಇದನ್ನು ಬರೆಯದೆ ಬಿಡಬಹುದಿತ್ತು, ಬಿಡಲು ಮನಸ್ಸು ಬರಲಿಲ್ಲ. ಅವರ ಮನೆಯ ಹೊಲಿಗೆ ಮಷಿನ್ ಕಿರ್ರೆನ್ನುತ್ತಿತ್ತು. ಸುಮ್ಮನೆ ಕೂರಲಾರದೆ ಅದನ್ನು ಬಿಚ್ಚಿ ಎಣ್ಣೆ ಬಿಟ್ಟು ಜೋಡಿಸಿದೆ. ಹೆಣ್ಣಿನ ಬಗ್ಗೆ ಏನು ಹೇಳುತ್ತೀ ಎಂದಾಗ ಮಷಿನ್ ಬಗ್ಗೆಯೇ ಹೇಳಿದೆ. ಅವರೂ ಮತ್ತೆ ಕರೆಯಲಿಲ್ಲ. ಆದರೆ ಆ ದಿನ ನನ್ನ ಕೈಗೆ ಒಂದು ಕೆಲಸ ಸಿಕ್ಕಿತು. ಗಡಿಯಾರ ಬಿಚ್ಚಿದರೆ ಬೆತ್ತ ಸಿಗುತ್ತದೆ, ಹೊಲಿಗೆ ಮಷಿನ್ ಬಿಚ್ಚಿದರೆ ಅವಲಕ್ಕಿ ಚಹಾ ಕೊಡುತ್ತಾರೆ ಎಂದು ಗೊತ್ತಾಯಿತು. ಆಳಂದಕ್ಕೆ ಬಂದು ಸರ್ದಾರ ಉಸ್ತಾದರ ಅಂಗಡಿ ಸೇರಿದೆ. ಎರಡೂವರೆ ವರ್ಷವಾಯಿತು. ನಾನು ಇಷ್ಟು ದಿನ ಒಂದೇ ಕಡೆ ನಿಂತದ್ದು ಹುಟ್ಟಿದಾಗಿನಿಂದ ಇದೇ ಮೊದಲು.

ಈ ಜೂನ್ ತಿಂಗಳಲ್ಲಿ ಪೋಸ್ಟಮನ್ ಭೀಮಶಾ ಒಂದು ಕಾರ್ಡು ಹಿಡಿದು ಬಂದ. "ಹೆಸರಿಲ್ದ ಕಾರ್ಡು ಬಂದದ ನೋಡ್ರಪಾ. ಯಾರಿಗೆ ಕೊಡಬೇಕ್ರಿ ಇದನ್ನ?" ಎಂದ. ಕಾರ್ಡಿನ ಮೇಲೆ ಸರ್ದಾರರ ಅಂಗಡಿ, ಆಳಂದ ಎಂದಿತ್ತು. ಹಿಂಬದಿಗೆ ಮುತ್ತಿನಂಥ ಅಕ್ಷರದಲ್ಲಿ, "ಹೊಲಿಗೆ ಮಷಿನ್ ರಿಪೇರಿ ಮಾಡುವವರಿಗೆ. ನಮ್ಮ ಕ್ಲಾಸಿನಲ್ಲಿ ಎಂಟು ಮಷಿನ್‌ಗಳಿವೆ. ನಾಲ್ಕು ನಿಂತಿವೆ. ಬರುವುದು," ಎಂದಿತ್ತು. ಕೆಳಗೆ ಜೇವರ್ಗಿಯ ವಿಳಾಸ. ಉಸ್ತಾದರು ತಲೆ ಕೆರೆದುಕೊಂಡು, "ಗುಲಬರ್ಗಾದಾಗ ಒಂದ್ ಗಲ್ಲಿ ತುಂಬ ರಿಪೇರಿಯವರು ಕುಂತಾರ. ಅವರನ್ನ ದಾಟಿ ಆಳಂದಕ್ಕ ಯಾಕ ಬರದಾರಪಾ?" ಎಂದರು. ಈ ಪ್ರಶ್ನೆ ನನಗೆ ಹುಟ್ಟಲಿಲ್ಲ. ನಮ್ಮ ಕೆಲಸದ ಹೆಸರು ಜೇವರ್ಗಿವರೆಗೆ ಹೋಗಿದೆ ಎಂದು ಉಬ್ಬಿಹೋದೆ.

ಎರಡು ಬಸ್ಸು ಬದಲಿಸಿ ಬಂದು ಚೀಲ ಇಳಿಸಿ ತಲೆ ಎತ್ತಿದರೆ ನೀನು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ, ಕೈಯಲ್ಲಿ ಸೀಮೆಸುಣ್ಣ. ಲಗ್ನ ಮುರಿದ ಮೇಲೆ ನೀನು ಜೇವರ್ಗಿಯಲ್ಲಿ ಚಿಕ್ಕವ್ವನ ಮನೆಗೆ ಬಂದು ಹೊಲಿಗೆ ಕಲಿತು ಈಗ ಕಲಿಸುತ್ತಿದ್ದೀ ಎಂದು ನನಗೆ ಯಾರೂ ಹೇಳಿರಲಿಲ್ಲ. ನೀನು ಗುಂಡುಸೂಜಿ ತೆಗೆದು, ನನಗಲ್ಲ, ಪಕ್ಕದಲ್ಲಿ ಕೂತ ಗೌಸಿಯಾಬೇಗಂಗೆ ಹೇಳಿದೆ, "ಅವರಿಗೆ ಚಹಾ ಕೊಡ್ರಿ. ಮೂಲ್ಯಾಗಿನ ಮಷಿನ್ ಮೊದಲ ನೋಡ್ರಿ ಅನ್ರಿ ಅವರಿಗೆ." ನಾನು ನಿನ್ನಿಂದ ಎರಡು ಮೊಳ ದೂರದಲ್ಲಿದ್ದೆ.

ಆರು ತಿಂಗಳು ಹೀಗೇ ನಡೆಯಿತು. ಹದಿನೈದು ದಿನಕ್ಕೊಮ್ಮೆ ಹೆಸರಿಲ್ಲದ ಕಾರ್ಡು, ಶುಕ್ರವಾರ ನಾನು, ಅವರಿಗೆ ಚಹಾ. ಕ್ಲಾಸಿನ ಎಲ್ಲ ಹೆಣ್ಣುಮಕ್ಕಳನ್ನೂ ಹೆಸರು ಹಿಡಿದು ಕರೆಯುತ್ತೀ, ಹಾಲಿನವನ ಹೆಸರು ಹೇಳುತ್ತೀ, ಬಾಗಿಲಿಗೆ ಬರುವ ನಾಯಿಗೂ ಒಂದು ಹೆಸರು ಇಟ್ಟಿದ್ದೀ. ನಾನು ಮಾತ್ರ ಅವರು, ಇವರು, ಬಂದವರು. ರಿಪೇರಿಯ ವಹಿಯಲ್ಲಿ ಯಾವ ಮಷಿನ್, ಏನು ಕೆಟ್ಟಿತ್ತು ಎಂದು ನೀನೇ ಬರೆಯುತ್ತಿದ್ದೆ. ಯಾರು ರಿಪೇರಿ ಮಾಡಿದರು ಎಂಬ ಮೂರನೇ ಸಾಲು ಬಂದಾಗ ಪೆನ್ನನ್ನು ಗೌಸಿಯಾಬೇಗಂ ಕೈಗೆ ಕೊಡುತ್ತಿದ್ದೆ. ಅವರ ವಕ್ರ ಅಕ್ಷರದಲ್ಲಿ ನನ್ನ ಹೆಸರು ಹನ್ನೆರಡು ಸಲ ಬಿದ್ದಿದೆ. ಇಷ್ಟು ವರ್ಷವಾದರೂ ನನ್ನ ಹೆಸರು ಬರೆದರೆ ಕೈ ಮೈಲಿಗೆಯಾಗುತ್ತದೆ ಎನ್ನುವಷ್ಟು ಸಿಟ್ಟೇ ಎಂದುಕೊಂಡು ಚೀಲ ಎತ್ತಿಕೊಂಡು ಬರುತ್ತಿದ್ದೆ.

ಮತ್ತೆ ನಿನ್ನ ಮಷಿನ್‌ಗಳು ಕೆಡುತ್ತಿದ್ದ ರೀತಿಯೂ ವಿಚಿತ್ರ. ನಾನು ಬಿಗಿ ಮಾಡಿ ಹೋದ ಸ್ಕ್ರೂ ಹದಿನೈದು ದಿನದಲ್ಲಿ ಸಡಿಲ. ಬೆಲ್ಟು ಜಾರಿರುತ್ತಿತ್ತು, ಹರಿದಿರುತ್ತಿರಲಿಲ್ಲ. ಒಮ್ಮೆ ಬಾಬಿನ್ ಡಬ್ಬಿಯೇ ಇರಲಿಲ್ಲ, ಕೊನೆಗೆ ಕುಂಕುಮದ ಭರಣಿಯ ಹಿಂದೆ ಸಿಕ್ಕಿತು. ದೀಪಾವಳಿಯ ಮುಂದಿನ ಶುಕ್ರವಾರ ನಾನು ಎದ್ದು ನಿಂತು ಎಲ್ಲರ ಎದುರಿಗೆ ಭಾಷಣ ಮಾಡಿದ್ದು ನೆನಪಿದೆಯಲ್ಲ? "ಈ ಮಷಿನ್ ತಾವಾಗೇ ಕೆಟ್ಟಿಲ್ರಿ. ಯಾರೋ ಬೇಕಂತಲೇ ಸ್ಕ್ರೂ ಸಡ್ಲು ಮಾಡ್ಯಾರ. ಯಾರು ಮಾಡೀರಿ, ಖರೇ ಹೇಳ್ರಿ!" ಹುಡುಗಿಯರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದರು. ನೀನು ಬೋರ್ಡಿನ ಕಡೆ ತಿರುಗಿ ಜಂಪರಿನ ತೋಳಿನ ಅಳತೆ ಬರೆಯುತ್ತಿದ್ದೆ, ಸೀಮೆಸುಣ್ಣ ಮುರಿಯಿತು, ಕಿವಿ ಕೆಂಪಾಗಿತ್ತು. ಶಿಸ್ತು ಕೆಟ್ಟಿದ್ದಕ್ಕೆ ಸಿಟ್ಟು ಬಂದಿದೆ ಎಂದುಕೊಂಡೆ.

ಹೋದ ಶುಕ್ರವಾರ ನೀನು ಯಾವುದೋ ಹುಡುಗಿಯ ಕಾಗದಪತ್ರಕ್ಕೆ ತಹಸೀಲ ಕಚೇರಿಗೆ ಹೋಗಿದ್ದೆ. ಗೌಸಿಯಾಬೇಗಂ ಒಬ್ಬರೇ ಗುಂಡಿಗೆ ಕಾಜಾ ಹಾಕುತ್ತ ಕೂತಿದ್ದರು. "ಯಾಕೋ ಅಮೋಘಸಿದ್ದ, ಮಾರಿ ಯಾಕ ಸಣ್ಣ ಮಾಡ್ಕೊಂಡೀ?" ಎಂದರು. ಕೇಳಿದ ಮೇಲೆ ನಾನು ಮುಚ್ಚಿಡುವವನಲ್ಲ. "ಇನ್ನ ಬರೂದು ಬಿಡ್ತೇನ್ರಿ ಖಾಲಾ. ನಿಮ್ಮ ಟೀಚರ್ ಬಾಯಿಯವರಿಗೆ ನನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ. ನನ್ನ ಹೆಸರು ಸೈತ ಬಾಯಾಗ ತರಂಗಿಲ್ಲ," ಎಂದೆ.

ಅವರು ಕೈಯಲ್ಲಿದ್ದ ಬಟ್ಟೆ ಕೆಳಗೆ ಹಾಕಿ ನಕ್ಕರು ನೋಡು, ಹೊರಗೆ ಮಲಗಿದ್ದ ನಾಯಿ ಎದ್ದು ಬಂತು. "ಅರೇ ದೀವಾನಾ! ಹೆಣ್ಮಕ್ಕಳು ಯಾರ ಹೆಸರು ಬಾಯಾಗ ತರಂಗಿಲ್ಲ? ನಿನಗ ಅವ್ವ ಅಕ್ಕ ಯಾರೂ ಇಲ್ಲೇನು ಮನ್ಯಾಗ? ನಾ ರೇಷನ್ ಕಾರ್ಡ್ ಮಾಡಸಾಕ ಹೋದಾಗ ಸಾಹೇಬ್ರು ಯಜಮಾನರ ಹೆಸರೇನು ಅಂತ ಕೇಳಿದ್ರು. ನಾ ಬಾಯಿ ತೆರೀಲಿಲ್ಲ. ಬಾಜೂ ಮನಿ ಮುದುಕಿನ್ನ ಕರ್ಕೊಂಡು ಹೋಗಿ ಹೇಳಿಸೀನಿ. ಇಪ್ಪತ್ತೆಂಟು ವರ್ಷ ಆತು, ನಮ್ಮವರ ಹೆಸರು ನನ್ನ ಬಾಯಿಗೆ ಬಂದಿಲ್ಲ. ಈ ಹುಡುಗಿದು ಲಗ್ನ ಆಗಿಲ್ಲ, ಏನಿಲ್ಲ, ಆರು ವರ್ಷದಿಂದ ಇದೇ ಚಾಳಿ. ಎರಡು ವರ್ಷ ನನ್ನ ಮುಂದ ಕುಂತು ನಿನಗ ಬೈದಾಳ. ಬೈಯೂದೂ ಹೆಸರು ಹೇಳಲಾರ್ದೇ ಬೈದಾಳಪಾ. 'ಆ ಖರೇ ಹೇಳಾಂವ, ಆ ಖರೇ ಹೇಳಾಂವ' ಅಂತ. ಮೂರು ಗಂಡು ಬಂದು ನೋಡಿ ಹೋದ್ರು, ಮೂರಕ್ಕೂ ಒಲ್ಲೆ ಅಂದಾಳ. ಅತನೂರಿನ ಹುಡುಗ ಆಳಂದದಾಗ ಮಷಿನ್ ರಿಪೇರಿ ಮಾಡಾಕತ್ತಾನ ಅಂತ ಯಾರೋ ಹೇಳಿದ ದಿನಾನೇ ನಮ್ಮ ನಾಲ್ಕು ಮಷಿನ್ ನಿಂತ್ವು. ಮತ್ತ ನೀ ಎದ್ದು ನಿಂತು ಸ್ಕ್ರೂ ಯಾರು ಸಡ್ಲು ಮಾಡ್ಯಾರ ಅಂತ ಕೇಳ್ತಿ!"

ಆಗ ನನ್ನ ಕೈಯಲ್ಲಿ ಐದನೇ ಮಷಿನಿನ ಬೆಲ್ಟು ಇತ್ತು. ಆ ಗಡಿಬಿಡಿಯಲ್ಲಿ ಬೆಲ್ಟನ್ನು ತಿರುವಿ ಹಾಕಿ ಬಂದಿದ್ದೇನೆ. ಅದು ಹಿಂದಕ್ಕೆ ತಿರುಗುತ್ತಿರಬೇಕು, ಮುಟ್ಟಬೇಡಿರಿ ಎಂದು ಹುಡುಗಿಯರಿಗೆ ಹೇಳು. ಬಸ್ಸಿನಲ್ಲಿ ಭೀಮಾ ಹೊಳೆಯ ಸೇತುವೆ ದಾಟುವಾಗ ಎಲ್ಲರೂ ನಾಣ್ಯ ಎಸೆದು ಕೈ ಮುಗಿದರು. ನಾನೂ ಜೇಬಿಗೆ ಕೈ ಹಾಕಿ ಸಿಕ್ಕಿದ್ದನ್ನು ಎಸೆದು ಕೈ ಮುಗಿದೆ. ಬಿದ್ದದ್ದು ನಿನ್ನ ಕ್ಲಾಸಿನ ಹೊಸ ಬಾಬಿನ್.

ಅಂದರೆ ಮಾಳಿಗೆಯ ಮೇಲಿನ ಕೂಗು ನಿಂತದ್ದು ಸೊಕ್ಕಿನಿಂದಲ್ಲ. ಬಾವಿಯ ದಾರಿಯಲ್ಲಿ ಎಮ್ಮೆಗೆ ಹೇಳಿದ್ದು ಹೇಸಿಕೆಯಿಂದಲ್ಲ. ಮಂದಿಯ ಮುಂದೆ ನಿನ್ನನ್ನು ಸುಳ್ಳಿ ಎಂದು ನಾನು ಹೇಳಿದ ಮರುದಿನವೂ ನೀನು ನನ್ನ ಹೆಸರನ್ನು ಬಾಯಿಂದ ಹೊರಗೆ ಬಿಡಲಿಲ್ಲ. ನಾನು ಊರೂರು ಅಲೆದು ನನ್ನ ಹೆಸರನ್ನು ಎಲ್ಲರ ಬಾಯಿಗೂ ಕೊಟ್ಟೆ. ನೀನು ಒಂದೇ ಕಡೆ ಕೂತು ಅದನ್ನು ಜೋಪಾನ ಮಾಡಿದೆ. ಇದು ಗೊತ್ತಾದ ಮೇಲೆ ಯಾರಿಗೆ ನಿದ್ದೆ ಬರುತ್ತದೆ?

ಇಷ್ಟು ಗೊತ್ತಾದ ಮೇಲೂ ನೀನು ನನಗೇ ಹೂಂ ಅನ್ನಬೇಕು ಎಂದು ನಾನು ಹೇಳುವುದಿಲ್ಲ. ಜೋಪಾನ ಮಾಡಿ ಮಾಡಿ ನಿನಗೆ ಸಾಕಾಗಿರಬಹುದು. ಈ ಸಲ ನೀನು ಯಡ್ರಾಮಿಯವರಿಗೆ ಬೇಡ ಎಂದಿಲ್ಲ ಎಂದೂ ಖಾಲಾ ಹೇಳಿದರು. ಗಂಡು ಶಾಲೆಯ ಮಾಸ್ತರರಂತೆ, ಅವರ ಬಗ್ಗೆ ವಿಚಾರಿಸಿದ್ದೇನೆ. ಒಳ್ಳೆಯ ಮನುಷ್ಯನಂತೆ. ಬೀಡಿ ಸೇದುವುದಿಲ್ಲ, ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಗಣಿತ ಕಲಿಸುತ್ತಾನೆ. ಇದನ್ನು ಬರೆಯುವಾಗ ಕೈ ಹಿಂದಕ್ಕೆ ಜಗ್ಗುತ್ತಿತ್ತು. ನನ್ನ ಬಗ್ಗೆಯೂ ಬರೆಯುತ್ತೇನೆ. ಹೋದ ವರ್ಷ ಮ್ಯಾಟ್ರಿಕ್‌ಗೆ ಖಾಸಗಿಯಾಗಿ ಕಟ್ಟಿದ್ದೆ. ಕನ್ನಡದಲ್ಲಿ ಪಾಸು, ಗಣಿತದಲ್ಲಿ ನೂರಕ್ಕೆ ಹದಿನಾಲ್ಕು. ಆ ಮಾಸ್ತರರ ಹತ್ತಿರ ಪಾಠ ಹೇಳಿಸಿಕೊಳ್ಳಬೇಕಾದ ಗಂಡು ನಾನು.

ನೀನು ಬೇಡ ಅನ್ನದಿದ್ದರೆ ನಾನು ರವಿವಾರ ಕಾಕಾ ದತ್ತಪ್ಪನನ್ನು ಕರೆದುಕೊಂಡು ನಿಮ್ಮ ಹೊಲಕ್ಕೆ ಬರುತ್ತೇನೆ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಬಂದವರನ್ನು ನಮ್ಮ ಕಡೆ ಯಾರೂ ಹಾಗೇ ಕಳಿಸುವುದಿಲ್ಲ, ಎಂಥ ಸಿಟ್ಟಿದ್ದರೂ ಸಜ್ಜೆ ರೊಟ್ಟಿ ಭಜ್ಜಿ ಕೊಟ್ಟ ಮೇಲೆಯೇ ಬೈಯುವುದು. ನಿಮ್ಮ ಅಪ್ಪ ಎಡೆಯ ಚರಗವನ್ನು ಹೊಲದ ತುಂಬ ಚೆಲ್ಲಿ ಬರುವವರೆಗೆ ಬದುವಿನ ಮೇಲೆ ಕಾಯುತ್ತೇನೆ. ಬಂದ ಮೇಲೆ ಯಡ್ರಾಮಿಯವರು ಕೇಳುವ ಹಾಗೆಯೇ ಹೇಳುತ್ತೇನೆ. "ಮಾಮಾ, ನಾ ಎಂಟನೇತ್ತಾ ಬಿಟ್ಟಾಂವ. ಮ್ಯಾಟ್ರಿಕ್ ಕಟ್ಟಿ ನಪಾಸಾಗೀನಿ. ಆವತ್ತು ನಿಮ್ಮ ಮಗಳು ಒಬ್ಬಾಕಿನೇ ಸುಳ್ಳು ಹೇಳಿದ್ದಿಲ್ಲ, ನಾನೂ ತಲಿ ಆಡಿಸಿದ್ದೆ. ಆಕಿ ನನ್ನ ಸಲುವಾಗಿ ಹೇಳಿದ್ಲು. ನಾ ನನ್ನ ಮಾನದ ಸಲುವಾಗಿ ಆಕಿನ್ನ ಬಿಟ್ಟುಕೊಟ್ಟೆ. ಈಗ ಕೇಳಾಕ ಬಂದೀನಿ." ಅವರು ಬೈದರೆ ಬೈಯಲಿ. ಈ ಸಲ ಬೈಗುಳ ನನಗೆ ಬೀಳಲಿ.

ನೀನು ಬೇಡ ಎಂದರೆ ನಾನು ಆ ಕಡೆ ಸುಳಿಯುವುದಿಲ್ಲ. ನಿನ್ನ ಎಂಟು ಮಷಿನ್‌ಗೂ ಎಣ್ಣೆ ಬಿಟ್ಟು, ಸ್ಕ್ರೂ ಬಿಗಿ ಮಾಡಿ ಬರುತ್ತೇನೆ, ಅಷ್ಟೇ.

ಆದರೆ ನಿನ್ನ ಉತ್ತರ ನನಗೆ ತಲುಪುವುದು ಹೇಗೆ? ಈ ಕಾಗದ ಡಾಕಿಗೆ ಹಾಕಿದರೆ ನಿನಗೆ ಮುಟ್ಟುವುದೇ ಶನಿವಾರಕ್ಕೆ. ಅಷ್ಟರಲ್ಲಿ ನೀನು ಅತನೂರಿನ ಬಸ್ಸು ಹತ್ತಿರುತ್ತೀ. ದಾರಿ ತೋಚದೆ ಇಲ್ಲಿಗೆ ನಿಲ್ಲಿಸಿದ್ದೇನೆ.

ಬುಧವಾರ, ಮಧ್ಯಾಹ್ನ

ಭೀಮಶಾ ಈಗತಾನೇ ಬಂದು ಹೋದ. ದೂರದಿಂದಲೇ, "ಬಂತು ನೋಡಪಾ ಹೆಸರಿಲ್ದ ಕಾರ್ಡು!" ಎಂದು ಕೂಗುತ್ತ ಬಂದ. ಅಂಗಡಿಯ ಬಾಗಿಲಲ್ಲೇ ನಿಂತು ಓದಿದೆ. "ಹೊಲಿಗೆ ಮಷಿನ್ ರಿಪೇರಿ ಮಾಡುವವರಿಗೆ. ಒಂಬತ್ತನೇ ನಂಬರಿನ ಮಷಿನ್ ನಿಂತಿದೆ. ಶುಕ್ರವಾರ ತಪ್ಪದೆ ಬರುವುದು."

ಮೊದಲು ನಾನೇ ತಪ್ಪು ಓದಿದೆ ಎಂದುಕೊಂಡು ಉಸ್ತಾದರಿಗೆ ತೋರಿಸಿದೆ. ಒಂಬತ್ತೇ ಎಂದರು. ಸಕ್ಕೂ, ನಿನ್ನ ಕ್ಲಾಸಿನ ಒಂದೊಂದು ಮಷಿನಿನ ಹೊಟ್ಟೆಯೊಳಗೂ ನನ್ನ ಕೈ ಹೋಗಿ ಬಂದಿದೆ. ಅಲ್ಲಿ ಎಷ್ಟು ಮಷಿನ್ ಇವೆ ಎಂದು ನನ್ನ ಗಣಿತಕ್ಕೂ ಗೊತ್ತು.

ನೀನು ಇಷ್ಟು ದಿನ ಇದ್ದದ್ದನ್ನು ಕೆಡಿಸುತ್ತಿದ್ದೆ. ಈಗ ಇಲ್ಲದ್ದನ್ನೇ ಕೆಡಿಸಿದ್ದೀ. ನಾನು ಹೋದ ಶುಕ್ರವಾರ ಹಾಗೆ ಹೇಳದೆ ಎದ್ದು ಹೋದದ್ದಕ್ಕೆ ಹೆದರಿ ಬರೆದೆಯೋ, ರವಿವಾರ ಹತ್ತಿರ ಬಂತೆಂದು ಬರೆದೆಯೋ, ಖಾಲಾ ನಿನಗೂ ಏನಾದರೂ ಹೇಳಿಬಿಟ್ಟರೋ, ನನಗೆ ತಿಳಿಯದು. ಕಾರ್ಡನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಉಸ್ತಾದರು ನನ್ನ ಮುಖ ನೋಡಿ, "ಹೋಗು ಬೇಟಾ, ಸ್ಕ್ರೂ ಬಿಚ್ಚೂ ದೊಡ್ಡ ಪೇಚಕಸ ತಗೊಂಡು ಹೋಗು, ದೊಡ್ಡ ಕೆಲಸ ಇದ್ದಂಗ ಕಾಣ್ತದ," ಎಂದರು.

ಹಾಗಾಗಿ ಈ ಕಾಗದ ಡಾಕಿಗೆ ಹೋಗುವುದಿಲ್ಲ. ಶುಕ್ರವಾರ ನಾನೇ ತಂದು ನಿನ್ನ ಮೇಜಿನ ಮೇಲೆ, ಕತ್ತರಿಯ ಕೆಳಗೆ ಇಡುತ್ತೇನೆ. ಮೊದಲು ಐದನೇ ಮಷಿನಿನ ಬೆಲ್ಟು ಸರಿ ಮಾಡುತ್ತೇನೆ, ಅದು ಖರೇ ರಿಪೇರಿ. ಆಮೇಲೆ ಮೂಲೆಗೆ ಹೋಗಿ ಚೀಲ ಬಿಚ್ಚಿ ಒಂಬತ್ತನೇ ಮಷಿನ್ ರಿಪೇರಿಗೆ ಕೂರುತ್ತೇನೆ. ಹುಡುಗಿಯರು ನಗಲಿ. ಯಾರಾದರೂ ಕೇಳಿದರೆ, ಭಾಳ ಕೆಟ್ಟದ್ರಿ, ಹೊತ್ತು ಹಿಡೀತದ ಎಂದು ತಲೆ ಆಡಿಸುತ್ತೇನೆ. ಈ ಸಲ ಆಡಿಸಿದ ತಲೆಯನ್ನು ಕೊನೆಯವರೆಗೂ ಆಡಿಸುತ್ತೇನೆ. ನೀನು ಅಷ್ಟರಲ್ಲಿ ಅವಸರ ಮಾಡದೆ ಓದು.

ಓದಿ ಮುಗಿದ ಮೇಲೆ ಬೇಡ ಅನ್ನಿಸಿದರೆ, ಮಾಳಿಗೆಯ ಮೇಲಿಂದ ಕೂಗುತ್ತಿದ್ದ ಹಾಗೆ ಗಟ್ಟಿಯಾಗಿ ನನ್ನ ಹೆಸರು ಹಿಡಿದು ಕರೆ. ಸಿಟ್ಟಿನಿಂದ ಬೇಕಿಲ್ಲ, ಸುಮ್ಮನೆ ಕರೆ. ನನಗೆ ತಿಳಿಯುತ್ತದೆ. ಹೆಸರನ್ನು ನನಗೆ ವಾಪಸು ಕೊಟ್ಟೆ ಎಂದುಕೊಂಡು ಚೀಲ ಎತ್ತಿಕೊಂಡು ಹೋಗುತ್ತೇನೆ. ಇಷ್ಟು ವರ್ಷ ಇಟ್ಟುಕೊಂಡಿದ್ದಕ್ಕೆ ನಿನಗೆ ಕೈ ಮುಗಿದೇ ಹೋಗುತ್ತೇನೆ.

ಹಾಗಲ್ಲದೆ ಗೌಸಿಯಾಬೇಗಂ ಕಡೆ ತಿರುಗಿ, "ಅವರಿಗೆ ಚಹಾ ಕೊಡ್ರಿ," ಎಂದೆಯಾದರೆ, ಆ ಚಹಾ ಕುಡಿದು ನಾನು ಅತನೂರಿನ ಬಸ್ಸು ಹಿಡಿಯುತ್ತೇನೆ.

ನಿನ್ನ ಸೂಜಿ ಎಂದೂ ಬೆರಳಿಗೆ ತಾಗದಿರಲಿ. ನಿನ್ನ ಎಂಟು ಮಷಿನ್‌ಗಳೂ ತಣ್ಣಗೆ ನಡೆಯಲಿ. ಒಂಬತ್ತನೆಯದು ನನ್ನ ಕೈಯಲ್ಲಿ ಎಂದಿಗೂ ಪೂರಾ ರಿಪೇರಿಯಾಗದಿರಲಿ.

ಇಂತಿ,
ಆ ಖರೇ ಹೇಳಾಂವ